ಎಡಗಡೆ ಯಾರೂ ನೋಡುವುದಿಲ್ಲ

ಅರ್ನುಲ್ಫೊ ಸೈಕಲ್ಲಿನ ಮೇಲಿನ ಕೊಳವೆಯ ಅಡಿಗೆ ಎರಡು ಬೆರಳು ಕೊಟ್ಟು ಅದನ್ನು ನೆಲದಿಂದ ಎತ್ತಿದ. ಮದುವೆ ಮನೆಯಲ್ಲಿ ಗ್ಲಾಸು ಎತ್ತಿ ಹಿಡಿದವನ ಹಾಗೆ ಅಂಗಡಿಯಲ್ಲಿದ್ದವರನ್ನೆಲ್ಲ ಒಂದು ಸುತ್ತು ನೋಡಿದ.

"ನೋಡು ಎದಿತಾ. ಎರಡೇ ಬೆರಳು. ಉಳಿದಿದ್ದು ಮೂಗು ಕೆರ್ಕೊಳ್ಳೋಕೆ ಖಾಲಿ ಇದೆ."

ಟೈರುಗಳ ತೋರಣದ ಕೆಳಗೆ ನಿಂತಿದ್ದ, ಭಾನುವಾರ ಭಾನುವಾರ ಗುಡ್ಡಕ್ಕೆ ಸೈಕಲ್ ಹೊಡೆಯುವ ಗುಂಪಿನ ಗಂಡಸರು ನಕ್ಕರು. ಎದಿತಾ ನಗಲಿಲ್ಲ. ಅವಳು ಬೂಟು ಹೊಲಿಯುವ ಕಾರ್ಖಾನೆಯಿಂದ ನೇರವಾಗಿ ಬಂದಿದ್ದಳು. ಬೆರಳ ತುದಿಯಲ್ಲಿ ಅಂಟು ಇನ್ನೂ ಹಳದಿಯಾಗಿ ಒಣಗಿತ್ತು.

"ಇಳಿಸು," ಅಂದಳು. "ತಿರುಗಿಸಿ ನಿಲ್ಸು. ಎಡಗಡೆ ನೋಡ್ಬೇಕು."

"ಎಡಗಡೆ ಏನಿದೆ?"

"ಏನಿದೆ ಅಂತಾನೇ ನೋಡ್ಬೇಕು."

ಬೂಟಿನ ಕಾರ್ಖಾನೆಗಳ ಊರಾದ ಮಾರಿಕಿನಾದಲ್ಲಿ ಸೈಕಲ್ಲಿನ ಎಡಗಡೆಯನ್ನು ಯಾರೂ ನೋಡುವುದಿಲ್ಲ. ಚೈನು ಬಲಗಡೆ, ಹಲ್ಲುಚಕ್ರಗಳು ಬಲಗಡೆ, ಹಿಂದಿನ ಚಕ್ರಕ್ಕೆ ಜುಮುಕಿಯಂತೆ ನೇತಾಡುತ್ತ ಗೇರು ಬದಲಿಸುವ ಡಿರೇಲರ್ ಕೂಡ ಬಲಗಡೆ. ಚಕ್ರದ ನಡುವಿನ ಬ್ರೇಕಿನ ಬಿಲ್ಲೆ ಮಾತ್ರ ಎಡಗಡೆ. ಅಂಗಡಿಯವರು ಬಲಗಡೆ ಕಾಣುವಂತೆ ನಿಲ್ಲಿಸುತ್ತಾರೆ, ಕೊಂಡವರು ಬಲಗಡೆ ಕಾಣುವಂತೆ ಫೋಟೊ ತೆಗೆಯುತ್ತಾರೆ. ಗುಡ್ಡದ ಬುಡದಲ್ಲಿ ಗಂಜಿ ಕುಡಿಯಲು ನಿಂತರೂ ಬಿದಿರ ಕಟಕಟೆಗೆ ಬಲಗಡೆ ಹೊರಗಿಟ್ಟೇ ಒರಗಿಸಬೇಕು. ಎಡಗಡೆ ಹೊರಗಿಟ್ಟವನನ್ನು ಅಂಗಿ ತಿರುಗಾಮುರುಗಾ ಹಾಕಿಕೊಂಡವನಂತೆ ನೋಡುತ್ತಾರೆ. ಹೊಸ ಸೈಕಲ್ ಬಂತೆಂದರೆ ಪರೀಕ್ಷೆ ನಡೆಯುವ ರೀತಿಯೂ ಒಂದೇ. ಎರಡು ಬೆರಳಲ್ಲಿ ಎತ್ತುವುದು, ಬಗ್ಗಿ ಡಿರೇಲರ್ ಮೇಲಿನ ಹೆಸರು ಓದುವುದು. ಹಗುರ ಇದ್ದು, ಹೆಸರು ದೊಡ್ಡದಿದ್ದರೆ ಮುಗಿಯಿತು, ಸೈಕಲ್ ಪಾಸು. ಸೈಕಲ್ ಮಾಡುವವರಿಗೆ ಇದು ಗೊತ್ತಿಲ್ಲವೇ? ಕಣ್ಣು ಬೀಳುವ ಕಡೆ ಬಂಗಾರ ಇಡುತ್ತಾರೆ, ಬೀಳದ ಕಡೆ ಕಸ ತುಂಬುತ್ತಾರೆ.

ಎದಿತಾಗೆ ಇದು ಹೊಸದೇನಲ್ಲ. ಬೂಟಿನ ಅಂಗಡಿಯಲ್ಲೂ ಜನ ಮೇಲಿನ ಹೊಳಪು ನೋಡಿ ಕೊಳ್ಳುತ್ತಾರೆ, ಅಟ್ಟೆ ತಿರುಗಿಸಿ ನೋಡುವವರು ಕಡಿಮೆ. ಆದರೆ ಅಟ್ಟೆ ಕಿತ್ತರೆ ಕಾಲು ಒದ್ದೆಯಾಗುತ್ತದೆ, ಅಷ್ಟೇ. ಅವಳಿಗೆ ಆದದ್ದು ಅಷ್ಟರಲ್ಲಿ ನಿಲ್ಲಲಿಲ್ಲ.

ಗುಂಪಿನಲ್ಲಿ ಒಂದು ಚೀಟಿ ನಡೆಯುತ್ತದೆ. ಎಲ್ಲರೂ ತಿಂಗಳು ತಿಂಗಳು ಹಾಕುತ್ತಾರೆ, ಸರದಿ ಬಂದವರಿಗೆ ಒಂದು ಸೈಕಲ್. ಚೀಟಿ ಶುರು ಮಾಡಿದ್ದು ಅರ್ನುಲ್ಫೊ, ಆದ್ದರಿಂದ ಅವನೇ ಅಧ್ಯಕ್ಷ, ಅಧ್ಯಕ್ಷನಾದ್ದರಿಂದ ಸೈಕಲ್ ಆರಿಸುವವನೂ ಅವನೇ. ಹಾಗಂತ ಯಾರೂ ತೀರ್ಮಾನ ಮಾಡಿರಲಿಲ್ಲ, ಬೇಡ ಅಂತಲೂ ಯಾರೂ ಅಂದಿರಲಿಲ್ಲ. ಅವನ ಸ್ವಂತ ಸೈಕಲ್ ಮಾತ್ರ ದುಬೈಯಲ್ಲಿರುವ ತಂಗಿ ಕಳಿಸಿದ್ದು. ತಾನು ಆರಿಸಿ ಕೊಟ್ಟ ಸೈಕಲ್ ಮೇಲೆ ಅವನು ಒಂದು ದಿನವೂ ಕುಂಡಿ ಊರಿದವನಲ್ಲ.

ಹಿಂದಿನ ಸುತ್ತಿನ ಚೀಟಿಯಲ್ಲಿ ಎದಿತಾಗೆ ಸಿಕ್ಕಿದ್ದೂ ಇಂಥದೇ ಎರಡು ಬೆರಳಿನ ಸೈಕಲ್ಲು. ಅತ್ತೆ ನಾಲಿಗೆ ಎಂದು ಎಲ್ಲರೂ ಕರೆಯುವ ಇಳಿಜಾರಿನಲ್ಲಿ, ಕೊನೆಯ ತಿರುವಿಗೆ ಬಂದಾಗ ಅವಳು ಎರಡೂ ಬ್ರೇಕು ಹಿಡಿದಳು. ಹಿಡಿಕೆ ಹ್ಯಾಂಡಲ್ಲಿಗೆ ತಾಗುವವರೆಗೆ ಹಿಡಿದಳು. ಸೈಕಲ್ ನಿಲ್ಲಲಿಲ್ಲ. ಅವಳ ಹೆಗಲಿನ ಮೂಳೆ ಮುರಿಯಿತು. ಶಾಲೆ ಶುರುವಾಗುವ ಕಾಲ, ಮಕ್ಕಳ ಕರಿ ಬೂಟಿಗೆ ಕೈತುಂಬ ಕೆಲಸ ಇರುವ ಕಾಲ, ಅವಳು ಕೈಯನ್ನು ಕೊರಳಿಗೆ ಕಟ್ಟಿಕೊಂಡು ಮನೆಯಲ್ಲಿ ಕೂತಳು. ಗುಂಪಿನವರು ಕಿತ್ತಳೆ ಹಣ್ಣು ಹಿಡಿದು ನೋಡಲು ಬಂದರು. "ಹೆಂಗಸ್ರು ಬ್ರೇಕ್ ಹಿಡಿಯೋದು ಜಾಸ್ತಿ, ನಂಬೋದು ಕಡಿಮೆ," ಎನ್ನುತ್ತ ಅರ್ನುಲ್ಫೊ ಹಣ್ಣು ತಾನೇ ಸುಲಿದು ತಿಂದ. ಮುಂದಿನ ವಾರ ಆ ತಿರುವಿನ ಪೇರಲೆ ಮರಕ್ಕೆ ಒಂದು ತಗಡಿನ ಬೋರ್ಡು ಬಿತ್ತು. ಅದರ ಮೇಲೆ ದಿಂಬಿನ ಚಿತ್ರ, ಕೆಳಗೆ ಬಣ್ಣದಲ್ಲಿ ಬರೆದದ್ದು: ಎದಿತಾಳ ಹಾಸಿಗೆ.

ಈಗ ಅದು ಜಾಗದ ಹೆಸರೇ ಆಗಿಬಿಟ್ಟಿದೆ. ಗುರುತಿಲ್ಲದ ಊರಿನ ಹುಡುಗರು ಗಂಜಿ ಅಂಗಡಿಯಲ್ಲಿ ನಿಂತು, "ಎದಿತಾ ಹಾಸಿಗೆಗೆ ಹೋಗೋ ದಾರಿ ಯಾವ್ದು?" ಎಂದು ಕೇಳಿ ಕಿಸಕ್ಕನೆ ನಗುತ್ತಾರೆ. ಒಮ್ಮೆ ಅವಳನ್ನೇ ಕೇಳಿದ್ದರು.

ಹೆಗಲು ಕೂಡುವ ಹೊತ್ತಿಗೆ ಅವಳು ಆ ಸೈಕಲ್ಲನ್ನು ಅಡುಗೆಮನೆಯ ನೆಲದ ಮೇಲೆ ಮಲಗಿಸಿ ಒಂದೇ ಕೈಯಲ್ಲಿ ಬಿಚ್ಚಿದ್ದಳು. ಬ್ರೇಕಿನ ತಂತಿ ಕೊಳವೆಯೊಳಗೇ ತುಕ್ಕು ಹಿಡಿದಿತ್ತು. ಬ್ರೇಕಿನ ಬಿಲ್ಲೆ ಸುಟ್ಟು ಗಾಜಿನ ಹಾಗೆ ನುಣ್ಣಗಾಗಿತ್ತು. ಮುಂದಿನ ಫೋರ್ಕಿನ ಎರಡು ಕಾಲುಗಳು ಕೈಯಲ್ಲಿ ಹಿಡಿದು ತಿರುಚಿದರೆ ಒಂದೊಂದು ದಿಕ್ಕಿಗೆ ಹೋಗುತ್ತಿದ್ದವು. ಅವಳು ಅತ್ತಿರಲಿಲ್ಲ. ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ, ತನ್ನ ಸರದಿ ಮತ್ತೆ ಬರುವುದನ್ನು ಕಾದಿದ್ದಳು. ಇವತ್ತು ಅದು ಬಂದಿತ್ತು.

ಅಂಗಡಿಯ ಒಡೆಯ ವಿಲ್ಲಿ ಸೈಕಲ್ ತಿರುಗಿಸಿದ. ಎದಿತಾ ಕುಕ್ಕರುಗಾಲಲ್ಲಿ ಕೂತಳು. ಅದೇ ತಂತಿಯ ಬ್ರೇಕು, ಕಡ್ಡಿಯಂಥ ಅದೇ ಫೋರ್ಕು. ಡಿರೇಲರ್ ಮಾತ್ರ ಕಳೆದ ಸಲದ್ದಕ್ಕಿಂತ ದೊಡ್ಡ ಹೆಸರಿನದು.

"ಅದು?" ಎಂದು ಮೂಲೆಗೆ ಕೈ ತೋರಿಸಿದಳು.

ಮೂಲೆಯಲ್ಲಿ ಕೆಸರು ಬಣ್ಣದ್ದೊಂದು ಧೂಳು ಹಿಡಿದು ನಿಂತಿತ್ತು. ಬೆಲೆ ಎರಡಕ್ಕೂ ಒಂದೇ. ಅದರ ಫೋರ್ಕಿನ ಕಾಲು ಅವಳ ಮುಂಗೈಯಷ್ಟು ದಪ್ಪ, ಗಾಳಿ ತುಂಬುವಂಥದ್ದು. ಬ್ರೇಕಿಗೆ ತಂತಿಯಿಲ್ಲ, ಎಣ್ಣೆಯ ಕೊಳವೆ. ಮುಂದಿನ ಚಕ್ರವನ್ನು ಹಿಡಿದದ್ದು ದಪ್ಪನೆಯ ಅಚ್ಚು. ಹ್ಯಾಂಡಲ್ಲಿನ ಗುಂಡಿಯನ್ನು ಹೆಬ್ಬೆರಳಲ್ಲಿ ಒತ್ತಿದರೆ ಸೀಟು ಕೆಳಗಿಳಿಯುತ್ತಿತ್ತು.

"ಎಮ್ಮೆನಾ?" ಅಂದ ವಿಲ್ಲಿ. "ಅದು ಹೋಗಲ್ಲ ಅಕ್ಕ. ಎರಡು ಬೆರಳಿಗೆ ಏಳಲ್ಲ."

"ನಾನೇನು ಅದನ್ನ ಎತ್ಕೊಂಡು ತಿರ್ಗಬೇಕಾ? ಅದು ನನ್ನ ಎತ್ಕೊಂಡು ತಿರ್ಗಬೇಕು."

"ಡಿರೇಲರ್ ನೋಡಿದ್ಯಾ?" ಅರ್ನುಲ್ಫೊ ಮುಖ ಕಿವುಚಿದ. "ಮೂರನೇ ದರ್ಜೆ. ಗುಂಪಿನ ಮಾನ ಹೋಗತ್ತೆ ತಾಯಿ."

"ಗೇರ್ ಬೀಳ್ಲಿಲ್ಲ ಅಂದ್ರೆ ಇಳ್ದು ತಳ್ಕೊಂಡ್ ಹೋಗ್ತೀನಿ. ಬ್ರೇಕ್ ಹಿಡೀಲಿಲ್ಲ ಅಂದ್ರೆ ಏನ್ ಮಾಡ್ಲಿ, ಹೇಳು."

"ಬಿದ್ದೋರೆಲ್ಲ ತಪ್ಪನ್ನ ಬ್ರೇಕ್ ಮೇಲೇ ಹಾಕೋದು."

ಯಾರೋ ಹಿಂದಿನಿಂದ "ಹಾಸಿಗೆ" ಎಂದು ಗೊಣಗಿದ. ಇನ್ನೊಬ್ಬ ಕೆಮ್ಮಿದ ಹಾಗೆ ಮಾಡಿ ನಕ್ಕ. ಎದಿತಾ ಎದ್ದು ನಿಂತಳು. ಅವಳ ದನಿ ಏರಲಿಲ್ಲ, ಇನ್ನೂ ಇಳಿಯಿತು.

"ಸರಿ ಅಧ್ಯಕ್ಷರೇ. ನೀವು ಆರಿಸಿದ್ದೇ ತಗೊಳ್ತೀನಿ. ಆದ್ರೆ ಈ ಭಾನುವಾರ ನೀವೇ ಅದನ್ನ ಅತ್ತೆ ನಾಲಿಗೆ ಮೇಲಿಂದ ಇಳಿಸಿ. ಆ ತಿರುವಲ್ಲಿ ಕಾಲು ಊರದೆ ದಾಟಿದ್ರೆ ಇದು ನಂದು, ಬೋರ್ಡೂ ಅಲ್ಲೇ ಇರ್ಲಿ, ನಾನು ಸಾಯೋತನಕ ಬಾಯಿ ಬಿಡಲ್ಲ. ಊರಿದ್ರೆ ಎಮ್ಮೆ ನಂದು. ಬೋರ್ಡೂ ನಂದು."

"ಬೋರ್ಡ್ ತಗೊಂಡ್ ಏನ್ ಮಾಡ್ತೀಯ?"

"ಅದು ನಿಮಗ್ಯಾಕೆ?"

ಎಲ್ಲರೂ ಅರ್ನುಲ್ಫೊನನ್ನು ನೋಡಿದರು. ಬೇಡ ಅನ್ನುವ ಹಾಗಿರಲಿಲ್ಲ. ವಿಲ್ಲಿ ಎರಡೂ ಸೈಕಲ್ಲಿಗೆ ಗಾಳಿ ಹಾಕಿದ.

ಶನಿವಾರ ಸಂಜೆ ಮಳೆ ಬಿದ್ದಿತ್ತು. ಭಾನುವಾರ ಬೆಳಿಗ್ಗೆ ಊರಾಚೆಯ ರಿಸಾಲಿನ ಗುಡ್ಡವೆಲ್ಲ ಕೆಂಪು ಜೇಡಿಯಾಗಿತ್ತು. ಹತ್ತುವ ರಸ್ತೆಯಲ್ಲಿ ಹಗುರದ ಸೈಕಲ್ ಹಾರಿತು. ಅರ್ನುಲ್ಫೊ ಎಲ್ಲರಿಗಿಂತ ಮುಂದಿದ್ದ, ಪ್ರತಿ ತಿರುವಿನಲ್ಲೂ ಹಿಂದೆ ತಿರುಗಿ, "ಎಮ್ಮೆಗೆ ಹುಲ್ಲು ಹಾಕಿದ್ಯೇನೆ?" ಎಂದು ಕೂಗುತ್ತಿದ್ದ. ಎದಿತಾಳ ಉಸಿರು ಗಂಟಲಿಗೆ ಬಂದಿತ್ತು. ತೊಡೆ ಉರಿಯುತ್ತಿದ್ದಾಗ ಒಂದು ಗಳಿಗೆ ಅವಳಿಗೂ ಅನ್ನಿಸಿತು, ಇವನು ಹೇಳಿದ್ದೇ ಸರಿಯಿದ್ದರೆ? ತಾನು ಬಿದ್ದದ್ದು ಹೆದರಿಯೇ ಆಗಿದ್ದರೆ? ಉಳಿದವರು ನೀರು ಕುಡಿದು, ಬಾಳೆಹಣ್ಣು ತಿಂದು, ಸಿಪ್ಪೆ ಎಸೆದ ಮೇಲೆ ಅವಳು ತುದಿ ತಲುಪಿದಳು. ಯಾರೂ ಅವಳಿಗಾಗಿ ಹಣ್ಣು ಉಳಿಸಿರಲಿಲ್ಲ.

ಅರ್ನುಲ್ಫೊ ಮೊದಲು ಇಳಿದ. ಅವಳು ಹಿಂದೆ. ಉಳಿದವರು ಆಮೇಲೆ.

ಅವನು ಒಳ್ಳೆಯ ಸವಾರ, ಅದನ್ನು ಯಾರೂ ಅಲ್ಲಗಳೆಯುವ ಹಾಗಿಲ್ಲ. ಮೇಲಿನ ಬೇರುಗಳ ಮೇಲೆ ಮೀನಿನ ಹಾಗೆ ಜಾರಿಕೊಂಡು ಹೋದ. ಎದಿತಾ ಹೆಬ್ಬೆರಳು ಒತ್ತಿದಳು, ಸೀಟು ಕೆಳಗಿಳಿಯಿತು, ಅವಳು ಹಿಂದಕ್ಕೆ ಬಾಗಿದಳು. ಬ್ರೇಕಿನ ಮೇಲೆ ಇಟ್ಟದ್ದು ಒಂದೊಂದೇ ಬೆರಳು. ಎಮ್ಮೆ ಅವಳು ಕೇಳಿದಷ್ಟೇ ನಿಧಾನವಾಯಿತು, ಕೇಳಿದಷ್ಟೇ ಓಡಿತು. ಮೈಯಲ್ಲಿ ಬಿಗಿದಿದ್ದದ್ದು ಎಲ್ಲೋ ಸಡಿಲಗೊಂಡು, ಅವಳಿಗೆ ಕೂಗಬೇಕೆನ್ನಿಸಿತು. ಕೂಗಲಿಲ್ಲ. ಯಾಕೆಂದರೆ ಅಷ್ಟರಲ್ಲಿ ವಾಸನೆ ಬಂತು. ಕಾರ್ಖಾನೆಯಲ್ಲಿ ಅಟ್ಟೆ ಕಾದು ಹತ್ತಿದಾಗ ಬರುವಂಥ ವಾಸನೆ. ಮುಂದೆ ಅವನ ಬೆನ್ನು ಸೆಟೆದುಕೊಂಡಿತ್ತು. ಎರಡೂ ಕೈಯ ಅಷ್ಟೂ ಬೆರಳು ಹಿಡಿಕೆಯ ಮೇಲಿದ್ದವು.

ಪೇರಲೆ ಮರ ಕಾಣುತ್ತಿದ್ದಂತೆ ಅವನು ದಾರಿ ಬಿಟ್ಟು ಹುಲ್ಲಿಗೆ ನುಗ್ಗಿದ. ಬೀಳಲಿಲ್ಲ. ಎರಡೂ ಕಾಲನ್ನು ನೇಗಿಲಿನ ಹಾಗೆ ನೆಲಕ್ಕೆ ಊರಿ, ಎರಡು ಸಾಲು ಕೆಸರು ಎಬ್ಬಿಸಿ ನಿಂತ. ಎದಿತಾ ಅವನ ಪಕ್ಕದಿಂದ ಹಾದು, ತಿರುವು ದಾಟಿ, ಕೆಳಗೆ ಸೈಕಲ್ ಮಲಗಿಸಿ, ನಡೆದು ಮೇಲಕ್ಕೆ ಬಂದಳು.

"ಕಾಲು ಊರಿಲ್ಲ," ಅಂದ ಅರ್ನುಲ್ಫೊ. "ನಿಂತೆ. ಹಿಂದೆ ಬರೋರ್ನ ನೋಡೋಣ ಅಂತ."

ಅವಳು ಬೋರ್ಡಿಗೆ ಕಟ್ಟಿದ್ದ ಹಳೇ ಟ್ಯೂಬಿನ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು.

"ಅದು ತಮಾಷೆಗೆ ಹಾಕಿದ್ದು, ಎದಿತಾ. ಅಷ್ಟಕ್ಕೆಲ್ಲ ಸಿಟ್ಟಾ?"

"ಹೆಗಲು ನಂದು ಮುರ್ದಿತ್ತು. ತಮಾಷೆ ನಿಮಗೆ." ತಗಡು ಕೈಗೆ ಬಂತು. ಅವಳು ಅವನ ಕೈ ನೋಡಿದಳು. ಬೆರಳುಗಳು ಇನ್ನೂ ಹಿಡಿಕೆಯನ್ನು ಬಿಟ್ಟಿರಲಿಲ್ಲ, ಗೆಣ್ಣುಗಳು ಬೆಳ್ಳಗಿದ್ದವು. "ಅವತ್ತು ನಾನೂ ಇಷ್ಟೇ ಗಟ್ಟಿಯಾಗಿ ಹಿಡ್ದಿದ್ದೆ ಅಣ್ಣ. ಹೀಗೇ."

ಅವನು ಬೆರಳು ಬಿಡಿಸಿಕೊಂಡ. ಮೇಲಿನಿಂದ ಉಳಿದವರು ಇಳಿದು ಬರುವ ಸದ್ದಾಯಿತು.

ಕೆಳಗೆ ಪಾಸಿಂಗ್ ಎಂಬ ಅಜ್ಜಿಯ ಗಂಜಿ ಅಂಗಡಿಯಲ್ಲಿ ಶುಂಠಿಯ ಹಬೆ ತುಂಬಿತ್ತು. ಎದಿತಾ ತಗಡನ್ನು ಅಜ್ಜಿಯ ಮುಂದೆ ಹಿಡಿದಳು. ಅಜ್ಜಿ ಅದನ್ನು ಒಮ್ಮೆ ನೋಡಿ, ಅವಳನ್ನು ಒಮ್ಮೆ ನೋಡಿ, "ಒಲೆಗೆ ಗಾಳಿ ಹೊಡೀತಿತ್ತು," ಎಂದು ಬರಹವನ್ನು ಒಳಗೆ ಮಾಡಿ ಒಲೆಯ ಪಕ್ಕ ಆನಿಸಿಟ್ಟಳು. ಸ್ವಲ್ಪ ಹೊತ್ತಿಗೆ ಬಣ್ಣ ಗುಳ್ಳೆ ಏಳುವ ಚಿಟಪಟ ಕೇಳಿಸಿತು. "ಗಂಜಿಗೆ ಮೊಟ್ಟೆ ಒಂದಾ ಎರಡಾ?" ಎಂದಳು ಅಜ್ಜಿ.

"ಎರಡು."

ಅರ್ನುಲ್ಫೊ ಎಲ್ಲರಿಗಿಂತ ಕೊನೆಗೆ, ಸೈಕಲ್ ತಳ್ಳಿಕೊಂಡು ಬಂದ. "ಹೊಸ ಬ್ರೇಕು, ಪಳಗ್ಬೇಕು," ಎಂದು ಯಾರೂ ಕೇಳದೆಯೇ ಹೇಳಿದ. ಎಲ್ಲರೂ ತಮ್ಮ ತಮ್ಮ ಬಟ್ಟಲಿಗೆ ಊದಿದರು. ಅವನು ವಾಡಿಕೆಯಂತೆ ಬಲಗಡೆ ಹೊರಗಿಟ್ಟು ಸೈಕಲ್ಲನ್ನು ಕಟಕಟೆಗೆ ಒರಗಿಸಿ, ತನ್ನ ಬಟ್ಟಲು ತೆಗೆದುಕೊಂಡು ಬೆಂಚಿನ ತುದಿಯಲ್ಲಿ ಕೂತ. ಎರಡು ಚಮಚ ತಿಂದ. ಆಮೇಲೆ ಬಟ್ಟಲು ಕೆಳಗಿಟ್ಟು ಎದ್ದು ಹೋಗಿ, ಸೈಕಲ್ಲನ್ನು ತಿರುಗಿಸಿ, ಎಡಗಡೆ ಹೊರಗೆ ಮಾಡಿ ನಿಲ್ಲಿಸಿದ.

ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, ನೀರಿನ ಲೋಟದಲ್ಲಿ ಬೆರಳು ಅದ್ದಿ, ಬ್ರೇಕಿನ ಬಿಲ್ಲೆಯ ಮೇಲೆ ಒಂದು ಹನಿ ಬಿಟ್ಟ. ಅದು ಚುಯ್ ಎಂದಿತು. ಇನ್ನೊಂದು ಹನಿ ಬಿಟ್ಟ. ಬೆಂಚಿನ ಮೇಲೆ ಅವನ ಗಂಜಿ ಕೆನೆ ಕಟ್ಟುತ್ತಿತ್ತು.