ಗುತ್ತೆಪ್ಪನ ಎಡಗೈ

ನಮ್ಮ ಹರಿಹರದ ಟಿಂಕರಿಂಗ್ ಶೆಡ್ಡಿನ ಗುತ್ತೆಪ್ಪ ಸುತ್ತಿಗೆ ಹಿಡಿಯುವ ಮುನ್ನ ಎಡಗೈಯನ್ನು ತಗ್ಗುಬಿದ್ದ ತಗಡಿನ ಮೇಲಿಟ್ಟು, ಕಣ್ಣು ಮುಚ್ಚಿ, ಮಗುವಿನ ಜ್ವರ ನೋಡುವ ತಾಯಿಯಂತೆ ಒಂದು ಕ್ಷಣ ನಿಶ್ಚಲನಾಗುತ್ತಿದ್ದ; ಆಮೇಲೆ ಗಾಡಿ ಬಡಿದದ್ದು ಏನನ್ನೆಂದು ಹೇಳುತ್ತಿದ್ದ. “ಎಮ್ಮೆ. ಸತ್ತಿಲ್ಲ, ಎದ್ದು ಹೋಗೈತೆ.” ಗೋಡೆಗೆ ತಾವೇ ಗುದ್ದಿ, ಯಾರೋ ಬಂದು ಗುದ್ದಿದರೆನ್ನುವ ದಾವಣಗೆರೆಯ ಮಹಾಶಯರೆಲ್ಲ ಅವನೆದುರು ತಲೆ ಕೆರೆದುಕೊಂಡು ನಿಲ್ಲಬೇಕಿತ್ತು.

ಕೊಕ್ಕನೂರಿನ ಒಕ್ಕಲು ಮನೆಯಿಂದ ಬಂದ, ಎಡಭುಜ ತುಸು ಇಳಿಬಿಟ್ಟು ನಡೆಯುವ ಈ ಗಿಡ್ಡ ಮನುಷ್ಯ, ದೇವರಾಜ ಅರಸು ಬಡಾವಣೆಯ ಸಾಹುಕಾರ ಅಂಜನಕುಮಾರರ ದೊಡ್ಡ ಗಾಡಿಯ ನಾಲ್ಕು ಅವತಾರಗಳನ್ನು ಕಂಡವನು. ಹೊಸ ಮಾದರಿ ಬಂದಾಗಲೆಲ್ಲ ಹಳೆಯದನ್ನು ಮಾರಿ, ಅದೇ ಕಂಪನಿಯದನ್ನೇ ತರುವುದು ಅವರ ಹಟ. ಮೊದಲನೆಯದು ಕಬ್ಬಿಣದ ಪೆಟ್ಟಿಗೆಯಂಥ ಚೌಕಾಕೃತಿ. ಹೊಲಕ್ಕೂ ಹೋಗುತ್ತಿತ್ತು, ತಿಂದ ಪೆಟ್ಟನ್ನು ಮುಚ್ಚಿಡುತ್ತಿರಲಿಲ್ಲ. ಎರಡನೆಯದಕ್ಕೆ ಚರ್ಮದ ಸೀಟು, ಹೊಳೆಯುವ ಪಟ್ಟಿ, ಗುಂಡಗಾದ ಮೂತಿ ಬಂದವು. ಮೂರನೆಯದರ ಮೈ ಆಯಸ್ಕಾಂತಕ್ಕೂ ಅಂಟದ ಅಲ್ಯೂಮಿನಿಯಂ. “ಇದು ಮಾತು ಕಮ್ಮಿ,” ಎಂದು ಗುತ್ತೆಪ್ಪ ಗೊಣಗುತ್ತಿದ್ದ.

ಆ ಮೂರನೆಯದೇ ಮೂರು ವರ್ಷದ ಹಿಂದೊಂದು ಮುಂಜಾನೆ ಬಾನೆಟ್ಟು ತಗ್ಗಾಗಿ ಬಂತು. “ಹಂದಿ ಅಡ್ಡ ಬಂತಪ್ಪ,” ಎಂದರು ಸಾಹುಕಾರರು. ಎಂಜಿನ್ ಆರಿ ಬಹಳ ಹೊತ್ತಾಗಿದ್ದರೂ ಆ ತಗ್ಗೊಂದೇ ಬೆಚ್ಚಗಿತ್ತು. ಅಂಗೈ ಕೆಳಗೆ ತೆಳ್ಳಗಿನ ಗಂಡಸೊಬ್ಬನ ಸೊಂಟ, ಪಕ್ಕದಲ್ಲೇ ಮೊಣಕೈ. ಗುತ್ತೆಪ್ಪ ಬಾಯಿ ಬಿಡಲಿಲ್ಲ. ಸಂಜೆಯೊಳಗೆ ಬಡಿದು ನೇರ ಮಾಡಿ ಕಳಿಸಿದ.

ನಾಲ್ಕನೆಯ ದಿನ ಆವರಗೆರೆಯ ಕರಿಯವ್ವ ಬಂದಳು. ಸೈಕಲ್ಲಿನಲ್ಲಿ ಬರುತ್ತಿದ್ದ ಅವಳ ಗಂಡನನ್ನು ಯಾವುದೋ ಗಾಡಿ ಬಡಿದು ಕೊಂದು, ನಿಲ್ಲದೆ ಹೋಗಿತ್ತು.

“ನಿಮ್ಮ ಕೈಗೆ ಗೊತ್ತಾಗ್ತೈತಂತೆ ಅಣ್ಣಾರೆ. ಅಂಥ ಗಾಡಿ ಬಂದ್ರೆ ಹೇಳ್ರಿ.”

“ಹೂಂ ತಾಯಿ,” ಎಂದ.

ಅಂದಿನಿಂದ ಪ್ರತಿ ಸೋಮವಾರ ಬರುವಳು, ಕೇಳುವಳು, ಹೋಗುವಳು. ಅಂದಿನಿಂದಲೇ ಗುತ್ತೆಪ್ಪನ ಕೈಯೂ ಕೆಟ್ಟಿತು. ಯಾವ ತಗಡು ಮುಟ್ಟಿದರೂ ಅದೇ ಸೊಂಟ. ಬಾಗಿಲು ಮುಟ್ಟಿದರೆ, ರೊಟ್ಟಿ ಹಂಚು ಮುಟ್ಟಿದರೆ, ಮಲಗಿದ ಹೆಂಡತಿಯ ಬೆನ್ನು ಮುಟ್ಟಿದರೆ ಅದೇ. ಊಟಕ್ಕೆ ಕೂತಾಗ ಆ ಕೈಯನ್ನು ತೊಡೆಯಡಿ ಒತ್ತಿಕೊಳ್ಳತೊಡಗಿದ.

ಕಳೆದ ಸೋಮವಾರ ಸಾಹುಕಾರರು ನಾಲ್ಕನೆಯ ಅವತಾರವನ್ನು ತಂದರು: ಒಳಗೆ ಉದ್ದಕ್ಕೂ ಟಿವಿಯಂಥ ಪರದೆ, ಮೂತಿ ತುಂಬ ಕ್ಯಾಮೆರಾ, ಮುಂಭಾಗವೆಲ್ಲ ಪ್ಲಾಸ್ಟಿಕ್. ಗೇಟಿಗೆ ತಾಗಿ ಒಳಹೋಗಿದ್ದ ಬಂಪರು ಬಿಸಿನೀರು ಸುರಿದದ್ದೇ ಉಬ್ಬಿ ಮೊದಲಿನಂತಾಯಿತು. ಗುತ್ತೆಪ್ಪ ಕೈಯಿಟ್ಟ. ಏನೂ ಇಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಅಂಗೈ ಖಾಲಿಯಾಗಿತ್ತು. ಹಾಯೆನಿಸಿತು, ಮರುಕ್ಷಣವೇ ಹೆದರಿದ. ಹಳೆಯ ಗಾಡಿ ಯಾವ ಊರಿಗೋ ಮಾರಿಹೋಗಿತ್ತು, ಇದರ ಮೈಯಲ್ಲಿ ಯಾವ ಗುರುತೂ ನಿಲ್ಲದು. ಸತ್ತವನು ಉಳಿದಿದ್ದುದು ತನ್ನ ಕೈಯೊಂದರಲ್ಲಿ, ಈಗ ಅಲ್ಲಿಂದಲೂ ಹೊರಟಿದ್ದಾನೆ.

ಅಷ್ಟರಲ್ಲಿ ಕರಿಯವ್ವ ಬಂದು ಗಾಡಿಯ ಮುಂದೆ ನಿಂತಳು. “ಬಂದಿತ್ತೇನ್ರಿ?”

“ಬಂದಿತ್ತು ತಾಯಿ. ಈ ಸಾವ್ಕಾರ್ರ ಹಳೇ ಗಾಡಿ. ನಾನೇ ನೇರ ಮಾಡಿದೆ.”

ಸಾಹುಕಾರರು ಗಾಡಿ ಹತ್ತಿ ಗಾಜು ಏರಿಸಿದರು. ಎದುರಿಗೆ ಅವಳಿದ್ದುದನ್ನು ಕ್ಯಾಮೆರಾ ಕಂಡು ಗಾಡಿ ಕುಂಯ್‌ಗುಡುತ್ತ, ಮುಂದೆ ಸರಿಯದೆ ನಿಂತಿತು. ಅವಳು ಅದರ ಕಡೆ ತಿರುಗಿಯೂ ನೋಡಲಿಲ್ಲ.

“ಹೂಂ ಅನ್ನೋವಾಗೆಲ್ಲ ಆ ಕೈನ ಬೆನ್ನಿಂದೆ ಇಟ್ಕೊಂತಿದ್ರಿ. ಆಗ್ಲೇ ತಿಳೀತು. ನಿಮ್ಮ ಬಾಯಾಗೆ ಬರ್ಲಿ ಅಂತ ಬರ್ತಿದ್ದೆ. ನಡೀರಿ, ಸ್ಟೇಷನ್ನಿಗೆ.”

ಗುತ್ತೆಪ್ಪ ಚಪ್ಪಲಿ ಮೆಟ್ಟಿಕೊಂಡು ಅವಳ ಹಿಂದೆ ನಡೆದ.

ಇಂಥವರು ಧೀರರೂ ಅಲ್ಲ, ದುಷ್ಟರೂ ಅಲ್ಲ. ಸತ್ಯ ಅವರನ್ನು ಎಲ್ಲರಿಗಿಂತ ಮೊದಲು ಮುಟ್ಟುತ್ತದೆ, ನಾಲಗೆಗೆ ಎಲ್ಲರಿಗಿಂತ ತಡವಾಗಿ ಬರುತ್ತದೆ. ಅಲ್ಲಿಯವರೆಗೆ ಸತ್ತವರು ಅವರ ಮನೆಯಲ್ಲೇ ಉಣ್ಣುತ್ತಾರೆ, ಅವರ ಹಾಸಿಗೆಯಲ್ಲೇ ಮಲಗುತ್ತಾರೆ.