ಇನ್ನೂರ ಹದಿಮೂರನೆಯ ಬಿಲ್ಲೆ

ಪಿಂಗಾಣಿಯ ಬಿಳಿಪುಡಿಯನ್ನು ಒತ್ತಿ, ಅಂಗಿಯ ಗುಂಡಿಯಷ್ಟಗಲ ಬಿಲ್ಲೆ ಮಾಡಿ ಸುಡುವುದರಲ್ಲಿ ಬಿಲ್ಲೆಯಕ್ಕನನ್ನು ಮೀರಿಸುವವರು ಏಳು ಸಮುದ್ರದಾಚೆಗೂ ಹುಟ್ಟಿರಲಿಲ್ಲ. ಹುಟ್ಟಿದ್ದರೂ ಆ ಪ್ರಯೋಗಶಾಲೆಯ ಫರ್ನೇಸ್ ಕಂಡೊಡನೆ ವಾಪಸು ಓಡುತ್ತಿದ್ದರು. ಅದರ ಕಾವಿಗೆ ಎದುರುಗೋಡೆಯ ಗಡಿಯಾರವೇ ಬೆವರುತ್ತಿತ್ತು. ಅಂಥವಳ ಕೈಯಲ್ಲೂ ಐದು ವರ್ಷದಲ್ಲಿ ಇನ್ನೂರ ಹನ್ನೆರಡು ಬಿಲ್ಲೆಗಳು ತಣಿಯುವಾಗ ಸೀಳಿದವು. ಇನ್ನೂರ ಹದಿಮೂರನೆಯದು ಸೀಳಲಿಲ್ಲ. ಸುತ್ತಿಗೆಯಿಂದ ಬಡಿದರೆ ಸುತ್ತಿಗೆಯೇ ಕ್ಷಮೆ ಕೇಳಿತು!

ಇನ್ನು ಬೇಕಿದ್ದುದು ಜರ್ನಲ್‌ನಲ್ಲಿ ಅಚ್ಚಾಗುವ ಒಂದೇ ಪ್ರಬಂಧ, ಅದರಲ್ಲಿ ಮೊದಲು ಅವಳ ಹೆಸರು. ಅದಿಲ್ಲದೆ ಡಾಕ್ಟರೇಟ್ ಇಲ್ಲ. ಗಡುವು ಆ ತಿಂಗಳ ಕೊನೆಗೆ.

ಪುಡಿ ಮೆತ್ತಿದ ಕೈಗವಸಿನಲ್ಲಿ ಪೆನ್ನು ಮುಟ್ಟುವಂತಿರಲಿಲ್ಲ. ಅವಳು ಅಂಕಿ ಹೇಳುವುದು, ಪಕ್ಕದ ಮೇಜಿನ ಹುಡುಗ, ಎಲ್ಲರ ಬಾಯಲ್ಲಿ ‘ಕನ್ನಡಕ’, ಬರೆದುಕೊಳ್ಳುವುದು, ಇದು ಅವರ ರೂಢಿ. ಮೈಕ್ರೋಸ್ಕೋಪ್ ನೋಡಿಕೊಳ್ಳುವ ಅವನು ದಿನಕ್ಕೆ ಸಾವಿರ ಸಲ ‘ಅಕ್ಕಾ’ ಎನ್ನುತ್ತಿದ್ದ, ಸೀನುವಾಗಲೂ.

ಶುಕ್ರವಾರದ ಸಭೆಯಲ್ಲಿ ಪರದೆಯ ಮೇಲೆ ಅವಳ ಬಿಲ್ಲೆ ಬೆಟ್ಟದಷ್ಟಾಗಿ ಹೊಳೆಯಿತು. ಅದರ ಪ್ರಬಂಧ ಜರ್ನಲ್‌ನಲ್ಲಿ ಆಗಲೇ ಸ್ವೀಕಾರವಾಗಿತ್ತು. ಮೊದಲ ಹೆಸರು ಕನ್ನಡಕನದು, ಎರಡನೆಯದು ಇಬ್ಬರ ಗೈಡ್ ಆಗಿದ್ದ ಪ್ರೊಫೆಸರರದು. ಮೂರನೆಯ ಹೆಸರೇ ಇಲ್ಲ.

ಬಿಲ್ಲೆಯಕ್ಕ ಎದ್ದು ನಿಂತಳು. “ತಣಿಸೋವಾಗ ಎಂಟುನೂರು ಡಿಗ್ರೀಲಿ ಎಷ್ಟು ಹೊತ್ತು ನಿಲ್ಲಿಸಿದೆ, ಹೇಳು ನೋಡೋಣ?”

“ಹನ್ನೊಂದು ಗಂಟೆ,” ಎಂದ ಕನ್ನಡಕ, ತಡವರಿಸದೆ. “ಹತ್ತಕ್ಕೆ ಸೀಳುತ್ತೆ, ಹನ್ನೆರಡಕ್ಕೆ ಕರೆಂಟು ದಂಡ.”

ಅವಳದೇ ಮಾತು, ಅವಳದೇ ರಾಗದಲ್ಲಿ. ಕೂತವರು ನಕ್ಕು ಚಪ್ಪಾಳೆ ತಟ್ಟಿದರು.

“ಸರ್, ಅದು ನಾನು ಸುಟ್ಟ ಬಿಲ್ಲೆ!”

“ಹೌದೇನಮ್ಮಾ? ನಿನ್ನ ನೋಟ್‌ಬುಕ್ ತೋರಿಸು,” ಎಂದರು ಗೈಡ್.

ಅವಳ ಪುಸ್ತಕದಲ್ಲಿ ಆ ದಿನಗಳ ಪುಟಗಳೆಲ್ಲ ಖಾಲಿ. ಕನ್ನಡಕನ ಪುಸ್ತಕದಲ್ಲಿ ಒಂದೊಂದು ಅಂಕಿಯೂ ತಾರೀಖು ಸಮೇತ, ಮುತ್ತಿನಂಥ ಅಕ್ಷರದಲ್ಲಿ ಕೂತಿತ್ತು.

“ಬರೆದವರದೇ ದಾಖಲೆ. ಬಾಯಿಮಾತಿಗೆ ನಾನೇನು ಮಾಡ್ಲಿ?” ಎಂದು ಗೈಡ್ ಛಾವಣಿ ನೋಡಿದರು. ಐದು ವರ್ಷ ಅವಳನ್ನು ಫರ್ನೇಸಿನ ಮುಂದೆ ಕಂಡವರು ಅವರೇ.

ಕನ್ನಡಕ ಕಾರಿಡಾರಿನವರೆಗೂ ಹಿಂದೆಯೇ ಬಂದ. “ಅಕ್ಕಾ, ಕೋಪಾನಾ? ಮುಂದಿನ ವಾರ ನಂಗೆ ಇಂಟರ್‌ವ್ಯೂ ಇದೆ, ಅದಕ್ಕೇ. ಕೊನೇಲಿ ನಿಂಗೆ ಥ್ಯಾಂಕ್ಸ್ ಹಾಕಿದೀನಿ ನೋಡು, ಫರ್ನೇಸ್ ಒರೆಸಿ ಇಟ್ಟಿದ್ದಕ್ಕೆ.”

“ಆ ಸಾಲು ತೆಗಿ.”

“ಅಯ್ಯೋ, ಯಾಕಕ್ಕಾ?”

“ಅಕ್ಕ ಅನ್ನೋದನ್ನೂ ತೆಗಿ.”

ಅವನು ತಮಾಷೆ ಎಂದುಕೊಂಡು ನಕ್ಕ. ಅವಳು ಮೆಟ್ಟಿಲಿಳಿದು ಕಚೇರಿಗೆ ಹೋಗಿ ಗಡುವು ಮುಂದೂಡುವ ಅರ್ಜಿ ಕೇಳಿದಳು. ಕಾರಣ ಬರೆಯಲು ಅದರಲ್ಲಿ ಒಂದೇ ಗೆರೆ ಇತ್ತು. ‘ನಂಬಿದ್ದೆ’ ಎಂದು ಬರೆದಳು.

ಗುಮಾಸ್ತರು ಅರ್ಜಿಯನ್ನು ಎರಡೆರಡು ಸಲ ಓದಿ ವಾಪಸು ತಳ್ಳಿದರು. “ಇದು ನಡೆಯಲ್ಲಮ್ಮಾ. ಅನಾರೋಗ್ಯ ಅಂತ ಬರೀರಿ.”