ಮೂರರಲ್ಲಿ ನಿಲ್ಲದ ಮುಳ್ಳು

"ಇವತ್ತು ಡಾಕ್ಟರು ನನ್ನ ಎಷ್ಟು ಹೊತ್ತು ನೋಡಿದ್ರೋ ನಂಗೆ ಗೊತ್ತಿಲ್ಲ ಕಣೇ," ಎಂದು ದೊಡ್ಡಮ್ಮ ಅಂಗಡಿಯೊಳಗೆ ಬರುತ್ತಲೇ ಹೇಳಿದರು. "ಹೋದ ಸಲ ಎರಡು ನಿಮಿಷ ಹನ್ನೊಂದು ಸೆಕೆಂಡು. ಅದರಲ್ಲಿ ನಲವತ್ತು ಸೆಕೆಂಡು ಫೋನ್ ನೋಡ್ಕೊಂಡಿದ್ರು. ಮುಖದ ಮೇಲೇ ಹೇಳಿ ಬಂದೆ. ಇವತ್ತು ಏನಂತ ಹೇಳ್ಲಿ? ಕೈಯೇ ಖಾಲಿ."

ವಾಚ್ ರಿಪೇರಿಯವಳು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ಸ್ಟೂಲನ್ನು ಮುಂದಕ್ಕೆ ತಳ್ಳಿದಳು. ದೊಡ್ಡಮ್ಮ ಅವಳಿಗೆ ಸಂಬಂಧಿಯೇನಲ್ಲ. ಎಂಬತ್ತೊಂದು ವರ್ಷದ ಅವರನ್ನು ಸುತ್ತಲ ಮೂರು ಬೀದಿಯವರೂ ಹಾಗೇ ಕರೆಯುತ್ತಾರೆ. ಅವರ ಎಡ ಮಣಿಕಟ್ಟಿನ ಮೇಲೆ ಬಿಸಿಲು ಕಾಣದ ಬಿಳಿಯ ಪಟ್ಟೆಯೊಂದಿತ್ತು. ಆ ಪಟ್ಟೆಯ ಮೇಲೆ ಇರಬೇಕಾದದ್ದು ಈಗ ರಿಪೇರಿಯವಳ ಮೇಜಿನ ಮೇಲೆ, ಗಾಜಿನ ಬೋಗುಣಿಯ ಕೆಳಗೆ, ಧೂಳು ತಾಗದಂತೆ ಕೂತಿತ್ತು: ಸ್ವಿಸ್ ಕ್ರೋನೋಗ್ರಾಫ್, ಕಪ್ಪು ಮುಖ, ಬಲಕ್ಕೆ ಕೀ ಕೊಡುವ ತಿರುಪಿನ ಮೇಲೊಂದು ಕೆಳಗೊಂದು ಗುಂಡಿ. ಮೇಲಿನದನ್ನು ಒತ್ತಿದರೆ ಉದ್ದನೆಯ ಮುಳ್ಳು ಹೊರಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಕೆಳಗಿನದನ್ನು ಒತ್ತಿದರೆ ಏನೂ ಆಗಿಯೇ ಇಲ್ಲವೆಂಬಂತೆ ಸೊನ್ನೆಗೆ ಮರಳುತ್ತದೆ.

ಅದನ್ನು ಎರಡು ದಿನದ ಹಿಂದೆ ತಂದುಕೊಟ್ಟವನು ದೊಡ್ಡಮ್ಮನ ಮಗ. ವಿಮೆ ಕಂಪನಿಯಲ್ಲಿ ಅಧಿಕಾರಿ. ನಗುವ ಮೊದಲೂ ಒಂದು ಅರ್ಜಿ ತುಂಬಿಸಿಕೊಳ್ಳುವ ಬಗೆ. "ಶುಚಿ ಮಾಡಿ ಅಕ್ಕ, ಜೊತೆಗೆ ಒಂದು ಪತ್ರ ಬೇಕು. ದಾಖಲೆಯ ದಿನ ಇದು ಅಪ್ಪನ ಕೈಯಲ್ಲಿತ್ತು ಅಂತ. ಮೋಟಾರ್ ಕ್ಲಬ್ಬಿನವರು ಮ್ಯೂಸಿಯಂ ಮಾಡ್ತಿದ್ದಾರೆ. ಗಾಜಿನ ಪೆಟ್ಟಿಗೆ ಕೂಡ ಬಂದಾಯ್ತು," ಎಂದು ಹೇಳಿ ಹೋಗಿದ್ದ.

ಅಪ್ಪ ಎಂದರೆ ದೊಡ್ಡಮ್ಮನ ಗಂಡ, ಜನರ ಬಾಯಲ್ಲಿ 'ಬಿರುಗಾಳಿ'. ಆ ಹೆಸರು ರೇಸ್ ಟ್ರ್ಯಾಕಿನ ಮೇಲೆ ಮಾತ್ರ ಸಲ್ಲುತ್ತಿತ್ತು. ಮನೆಯಲ್ಲಿ ಒಂದು ಬಲ್ಬು ಬದಲಿಸಲು ಅವರಿಗೆ ಹನ್ನೊಂದು ದಿನ ಹಿಡಿದಿತ್ತು ಎಂಬುದು ದೊಡ್ಡಮ್ಮನಿಗೆ ಖಚಿತವಾಗಿ ಗೊತ್ತು. ಅವರು ತೀರಿಕೊಂಡು ಒಂಬತ್ತು ವರ್ಷ. ನಲವತ್ತಮೂರು ವರ್ಷದ ಹಿಂದೆ ಅವರು ನಾಲ್ಕೂವರೆ ಕಿಲೋಮೀಟರಿನ ಸುತ್ತೊಂದನ್ನು ಒಂದು ನಿಮಿಷ 58.3 ಸೆಕೆಂಡಿನಲ್ಲಿ ಮುಗಿಸಿದ್ದರು. ಗಂಟೆಗೆ ಸರಾಸರಿ ನೂರಮೂವತ್ತೇಳು ಕಿಲೋಮೀಟರ್. ಆ ದಾಖಲೆಯನ್ನು ಇವತ್ತಿಗೂ ಯಾರೂ ಮೀರಿಲ್ಲ. ಮೀರಲು ಟ್ರ್ಯಾಕೇ ಉಳಿದಿಲ್ಲ. ಅಲ್ಲೀಗ ಸಿಮೆಂಟಿನ ಗೋದಾಮುಗಳಿವೆ.

"ಯಜಮಾನ್ರು ಇದನ್ನ ಕಟ್ಕೊಂಡೇ ಕಾರು ಓಡಿಸ್ತಿದ್ರಾ ದೊಡ್ಡಮ್ಮ?"

"ಅವರು ಕೈಗೆ ಕಟ್ಕೊಂಡಿದ್ದು ಬ್ಯಾಂಡೇಜು ಮಾತ್ರ. ವಾಚು ನನ್ನ ಕೈಲಿ ಇರ್ತಿತ್ತು. ಹದಿನಾಲ್ಕು ವರ್ಷ ಟ್ರ್ಯಾಕಿನ ಗೋಡೆ ಮೇಲೆ ಕೂತು ಒಂದೊಂದು ಸುತ್ತನ್ನೂ ಅಳೆದವಳು ನಾನು. ಅವರು ಓಡಿಸಿದ್ರು, ಸರಿ. ಎಷ್ಟು ಜೋರಾಗಿ ಓಡಿಸಿದ್ರು ಅಂತ ಅವರಿಗೆ ಹೇಳಿದ್ದು ಯಾರು?"

ರಿಪೇರಿಯವಳ ಅನುಮಾನವೂ ಅದೇ ಆಗಿತ್ತು. ಇಂಥ ವಾಚಿನ ಅಂಚಿನಲ್ಲಿ ವೇಗದ ಅಂಕಿಗಳನ್ನು ಕೆತ್ತಿರುತ್ತಾರೆ. ಒಂದು ಕಿಲೋಮೀಟರಿಗೆ ಮೂವತ್ತು ಸೆಕೆಂಡು ಹಿಡಿದರೆ ಮುಳ್ಳು 120ರ ಎದುರು ನಿಲ್ಲುತ್ತದೆ. ಅದೇ ಗಂಟೆಯ ವೇಗ. ಜಾಹೀರಾತಿನಲ್ಲಿ ಇದನ್ನು ಓದುವವನು ಸ್ಟೀರಿಂಗ್ ಹಿಡಿದ ಸುಂದರಾಂಗ. ನಿಜವಾಗಿ ಆ ವೇಗದಲ್ಲಿ ಮಣಿಕಟ್ಟು ನೋಡಿಕೊಳ್ಳುವವನ ಮುಂದಿನ ಸಮಯವನ್ನು ಆಸ್ಪತ್ರೆಯವರು ಬರೆದುಕೊಳ್ಳುತ್ತಾರೆ. ಎರಡೂ ಕೈ ಸ್ಟೀರಿಂಗಿನ ಮೇಲಿದ್ದರೆ ಗುಂಡಿ ಒತ್ತಲು ಮೂರನೆಯ ಕೈ ಬೇಕು. ಈ ವಾಚಿನ ಮೇಲಿನ ಗುಂಡಿಯೋ, ಹಳೆಯ ಮನೆಯ ಹೊಸ್ತಿಲಿನಂತೆ ಸವೆದು ಹೋಗಿತ್ತು. ಸಾವಿರಾರು ಸಲ ಒತ್ತಿದ ಹೆಬ್ಬೆರಳಿನ ಗುರುತು ಅದು.

"ಹಾಗಾದ್ರೆ ಮಗ ಕೇಳಿದ ಪತ್ರ ನಾನು ಬರೆಯೋಕಾಗಲ್ಲ," ಎಂದಳು.

"ಅದು ಬರೀಬೇಡ. ಇದ್ದದ್ದು ಇದ್ದ ಹಾಗೆ ಬರಿ. ಅವರ ಕೈಲಿ ಇರ್ಲಿಲ್ಲ ಅಂದ್ರೆ ಕ್ಲಬ್ಬಿನವರಿಗೆ ಬೇಡ. ಅವರಿಗೆ ಬೇಡ ಅಂದ್ರೆ ನನಗೆ ವಾಪಸ್." ದೊಡ್ಡಮ್ಮ ಮಣಿಕಟ್ಟನ್ನು ಉಜ್ಜಿಕೊಂಡರು. "ಗಾಜಿನ ಪೆಟ್ಟಿಗೇಲಿ ಇಟ್ರೆ ಅದಕ್ಕೆ ಕೀ ಕೊಡೋರು ಯಾರು? ಓಡದೇ ಇರೋ ವಾಚು, ಮಾತಾಡದೇ ಇರೋ ನಾನು, ಎರಡೂ ಒಂದೇ. ಗಾಜು ಹಾಕಿ ಮುಚ್ಚೋದೇ ಆದ್ರೆ ಇಬ್ಬರನ್ನೂ ಒಟ್ಟಿಗೇ ಮುಚ್ಚಲಿ."

"ದಾಖಲೆಯ ದಿನಾನೂ ನಿಮ್ಮ ಕೈಲೇ ಇತ್ತು ಅಂತ ಬರೀಲಾ?"

"ಆ ದಿನದ್ದು ಈಗ್ಯಾಕೆ? ಅವರ ಕೈಲಿ ಇರ್ಲಿಲ್ಲ. ಅಷ್ಟು ಸಾಲದಾ?" ಎಂದು ದೊಡ್ಡಮ್ಮ ಎದ್ದು ಹೊರಟೇಬಿಟ್ಟರು. ಅಷ್ಟು ಬೇಗ ಎದ್ದು ಹೋಗುವವರಲ್ಲ ಅವರು.

ಗುರುವಾರ ಬೆಳಿಗ್ಗೆ ಮಗ ಬಂದ. ಜೊತೆಗೆ ಮೋಟಾರ್ ಕ್ಲಬ್ಬಿನ ಕಾರ್ಯದರ್ಶಿ. ಸಣಕಲು ಮೈ, ದಪ್ಪ ಫೈಲು, ವಾಕ್ಯಕ್ಕೊಂದು 'ಐತಿಹಾಸಿಕ'. ಇಬ್ಬರಿಗಿಂತ ಮೊದಲೇ ಬಂದು ಸ್ಟೂಲು ಹಿಡಿದಿದ್ದವರು ದೊಡ್ಡಮ್ಮ. ಹನ್ನೊಂದಡಿ ಉದ್ದ, ಎಂಟಡಿ ಅಗಲದ ಅಂಗಡಿಯಲ್ಲಿ ನಾಲ್ಕು ಜನ ನಿಂತರೆ ಉಸಿರನ್ನು ಸರದಿಯ ಮೇಲೆ ಎಳೆದುಕೊಳ್ಳಬೇಕು.

ರಿಪೇರಿಯವಳು ಇದ್ದದ್ದನ್ನು ಹೇಳಿದಳು. ಗುಂಡಿಯ ಸವೆತ ತೋರಿಸಿದಳು. ಈ ವಾಚು ಓಡಿಸುವವನದಲ್ಲ, ಸಮಯ ಅಳೆಯುವವಳದು ಎಂದಳು.

ಮಗನ ಮುಖ ಇಳಿಯಿತು. "ಅಮ್ಮಾ, ಇದನ್ನ ಮನೇಲೇ ಹೇಳೋಕೆ ಏನಾಗಿತ್ತು?"

"ನೀನು ಕೇಳಿದ್ದು ವಾಚು. ಕಥೆ ಕೇಳಲಿಲ್ಲವಲ್ಲೋ."

ಕಾರ್ಯದರ್ಶಿಯ ಮುಖ ಮಾತ್ರ ಅರಳುತ್ತಾ ಹೋಯಿತು. "ಅಂದ್ರೆ ಗಂಡ ಕಾರಿನಲ್ಲಿ, ಹೆಂಡತಿ ಗೋಡೆ ಮೇಲೆ, ಕೈಯಲ್ಲಿ ವಾಚು! ಅಮ್ಮಾ, ಇದು ಇನ್ನೂ ಐತಿಹಾಸಿಕ! ಡ್ರೈವರ್ ಕಟ್ಟಿದ ವಾಚು ಊರೂರಿಗೂ ಇದೆ. ಟೈಮ್‌ಕೀಪರ್ ಹೆಂಡತಿಯ ವಾಚು ಎಲ್ಲಿದೆ? ಪಕ್ಕದಲ್ಲಿ ನಿಮ್ಮ ಫೋಟೊ ಹಾಕ್ತೀವಿ. ಬೇಕಿದ್ರೆ ಮೇಣದ ಬೊಂಬೆ ಮಾಡಿಸ್ತೀವಿ!"

ದೊಡ್ಡಮ್ಮ ರಿಪೇರಿಯವಳ ಕಡೆ ನೋಡಿದರು. ಹಳ್ಳ ತಪ್ಪಿಸಲು ಹೋಗಿ ಬಾವಿಗೆ ಬಿದ್ದ ನೋಟ ಅದು.

"ನಾನಿನ್ನೂ ಬದುಕಿದೀನಲ್ಲಪ್ಪ, ಬೊಂಬೆ ಯಾಕೆ?"

"ಗೌರವಕ್ಕೆ ಅಮ್ಮಾ."

"ಗೌರವ ಕೊಡೋದಾದ್ರೆ ವಾಚು ಬಿಡು."

ಕಾರ್ಯದರ್ಶಿ ಆ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಫೈಲಿನಿಂದ, ಅಲ್ಲಿಯವರೆಗೆ ತಾನೇ ಪೂರ್ತಿ ಓದಿರದ ಕ್ಲಬ್ಬಿನ ಹಳೆಯ ಪುಸ್ತಕದ ನಕಲು ತೆಗೆದು ಗಟ್ಟಿಯಾಗಿ ಓದತೊಡಗಿದ. ಆ ದಿನ ಅಧಿಕೃತ ಟೈಮ್‌ಕೀಪರ್ ತನ್ನ ವಾಚಿಗೆ ಕೀ ಕೊಡುವುದನ್ನು ಮರೆತಿದ್ದರಿಂದ ಅದು ನಡುವೆ ನಿಂತುಹೋಗಿತ್ತು. ಆದ್ದರಿಂದ ಚಾಲಕನ ಪತ್ನಿ ಅಳೆದ ಸಮಯವನ್ನೇ ಎದುರಾಳಿ ತಂಡದ ಒಪ್ಪಿಗೆಯೊಂದಿಗೆ ದಾಖಲಿಸಲಾಯಿತು. ರೇಸಿಗೆ ಮೊದಲು ನೋಂದಾಯಿಸಿದ ವಾಚಿನಿಂದಲೇ ಅಳೆಯಬೇಕೆಂಬುದು ನಿಯಮ. ನೋಂದಣಿ ಹಾಳೆಯಲ್ಲಿ ಇದೇ ಸ್ವಿಸ್ ವಾಚಿನ ಸಂಖ್ಯೆ ಇತ್ತು.

"ಸಂಖ್ಯೆ ತಾಳೆಯಾಗುತ್ತೆ. ಪತ್ರ ನಾನೇ ಟೈಪ್ ಮಾಡಿಸಿ ತಂದಿದ್ದೀನಿ," ಎಂದು ಅವನು ಮತ್ತೊಂದು ಹಾಳೆಯಲ್ಲಿ ನಾಲ್ಕು ಪದ ಹೊಡೆದು ನಾಲ್ಕು ಪದ ಸೇರಿಸಿ ರಿಪೇರಿಯವಳ ಮುಂದಿಟ್ಟ. "ಸಹಿ ಹಾಕಿ ಅಕ್ಕ."

ಅವಳು ಓದಿದಳು. 'ಸದರಿ ವಾಚಿನಿಂದ ಒಂದು ನಿಮಿಷ 58.3 ಸೆಕೆಂಡು ಎಂದು ಅಳೆಯಲಾಗಿದ್ದು...' ಪೆನ್ನಿನ ಮುಚ್ಚಳ ತೆಗೆದವಳು ಮತ್ತೆ ಹಾಕಿದಳು.

"ಮೂರಾ?"

"ಏನು ಮೂರು?"

"ಐವತ್ತೆಂಟು ಪಾಯಿಂಟ್ ಮೂರು. ಈ ವಾಚು ಮೂರು ಹೇಳಲ್ಲ."

ಬೋಗುಣಿ ಎತ್ತಿ, ವಾಚಿನ ಗುಂಡಿ ಒತ್ತಿ, ಭೂತಗನ್ನಡಿಯನ್ನು ಕಾರ್ಯದರ್ಶಿಯ ಕೈಗೆ ಕೊಟ್ಟಳು. "ಮುಳ್ಳು ನೋಡಿ. ಜಾರ್ಕೊಂಡು ಹೋಗ್ತಿಲ್ಲ, ಕುಪ್ಪಳಿಸ್ಕೊಂಡು ಹೋಗ್ತಿದೆ. ಸೆಕೆಂಡಿಗೆ ಐದು ಹೆಜ್ಜೆ. ಅಂದ್ರೆ ಪಾಯಿಂಟ್ ಎರಡು, ನಾಲ್ಕು, ಆರು, ಎಂಟು, ಆಮೇಲೆ ಮುಂದಿನ ಸೆಕೆಂಡು. ಎರಡರಲ್ಲಿ ನಿಲ್ಲುತ್ತೆ, ನಾಲ್ಕರಲ್ಲಿ ನಿಲ್ಲುತ್ತೆ. ಮಧ್ಯ ಮೂರರಲ್ಲಿ ನಿಲ್ಲೋಕೆ ಮೆಟ್ಟಿಲೇ ಇಲ್ಲ."

ಕಾರ್ಯದರ್ಶಿ ಗುಂಡಿ ಒತ್ತಿ ನಿಲ್ಲಿಸಿದ. ನಾಲ್ಕು. ಮತ್ತೆ ಒತ್ತಿದ. ಎಂಟು. ಏಳನೆಯ ಸಲಕ್ಕೆ ಬೆವರಿದ. ಮೂರು ಸಿಗಲಿಲ್ಲ.

ಸಹಿಯ ಮಾತು ಅಲ್ಲಿಗೇ ನಿಂತಿತು. ರಿಪೇರಿಯವಳು ಬಿಚ್ಚಿಟ್ಟಿದ್ದ ವಾಚಿನ ಹಿಂದಿನ ಮುಚ್ಚಳವನ್ನು ಕೈಗೆತ್ತಿಕೊಂಡಳು. ಈ ಕಸುಬಿನವರಿಗೆ ಒಂದು ರೂಢಿಯಿದೆ. ವಾಚು ಕೈಗೆ ಬಂದಾಗಲೆಲ್ಲ ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ತಮ್ಮ ಗುರುತು, ತಾರೀಖು ಗೀರುತ್ತಾರೆ. ಹೊರಗಿನವರಿಗೆ ಅದು ಕಾಣುವುದೇ ಇಲ್ಲ. ಮುಂದೆ ತೆರೆಯುವವನಿಗೆ ಮಾತ್ರ. ಈ ಮುಚ್ಚಳದಲ್ಲಿದ್ದ ಗೀರುಗಳೆಲ್ಲ ಇದೇ ಕಸುಬಿನವರಾಗಿದ್ದ ಅವಳ ಅಪ್ಪನವು. ಅವಳು ಮೊನ್ನೆಯೇ ನೋಡಿದ್ದಳು, ಆದರೆ ತಾರೀಖುಗಳನ್ನು ಯಾವುದಕ್ಕೂ ಹೋಲಿಸಿರಲಿಲ್ಲ. ಈಗ ಹೋಲಿಸಿದಳು.

"ರೇಸು ನಡೆದದ್ದು ಯಾವತ್ತು?"

ಕಾರ್ಯದರ್ಶಿ ಹೇಳಿದ.

"ಅದಕ್ಕೆ ಮೂರು ದಿನ ಮೊದಲು ಈ ವಾಚು ನಮ್ಮಪ್ಪನ ಕೈಗೆ ಬಂದಿದೆ. ನಮ್ಮಪ್ಪ ಯಾವ ಕ್ರೋನೋಗ್ರಾಫನ್ನೂ ಹದಿನೈದು ದಿನದೊಳಗೆ ವಾಪಸ್ ಕೊಟ್ಟವರಲ್ಲ. ನನ್ನ ಮದುವೆಗೂ ಅವರು ಅರ್ಧ ಗಂಟೆ ತಡ."

ಮೂವರೂ ದೊಡ್ಡಮ್ಮನ ಕಡೆ ತಿರುಗಿದರು.

"ಹದಿನೆಂಟು ದಿನ ತಗೊಂಡ ನಿಮ್ಮಪ್ಪ," ಎಂದರು ದೊಡ್ಡಮ್ಮ. "ಇವತ್ತು ನಾಳೆ ಅಂತಾನೇ ಇದ್ದ. ನಾನು ಹಾಳೆ ಮೊದಲೇ ತುಂಬಿ ಕೊಟ್ಟಿದ್ದೆ, ವಾಚು ಬಂದೇ ಬರುತ್ತೆ ಅಂತ. ರೇಸಿನ ದಿನ ಬೆಳಿಗ್ಗೆ ಬರಿಗೈ. ಪಕ್ಕದ ಮನೇಲಿ ಪಿ.ಟಿ. ಮೇಷ್ಟ್ರು ಇದ್ರು. ಅವರ ಸ್ಕೂಲಿನ ಸ್ಟಾಪ್‌ವಾಚು ಇಸ್ಕೊಂಡು ಹೋದೆ. ಅದರ ಮುಳ್ಳು ಮೂವತ್ತು ಸೆಕೆಂಡಿಗೇ ಒಂದು ಸುತ್ತು ಓಡುತ್ತೆ, ಸೆಕೆಂಡಿಗೆ ಹತ್ತು ಹೆಜ್ಜೆ. ಅದರಲ್ಲಿ ಮೂರೂ ಇದೆ, ಏಳೂ ಇದೆ."

"ಮತ್ತೆ ಇಷ್ಟು ವರ್ಷ ಯಾಕಮ್ಮ ಬಾಯಿ ಬಿಡಲಿಲ್ಲ?" ಎಂದ ಮಗ.

"ನೋಂದಾಯಿಸದ ವಾಚು ಅಂತ ಗೊತ್ತಾದ್ರೆ ದಾಖಲೆ ರದ್ದು. ನಿಮ್ಮಪ್ಪ ಆ ಒಂದು ಸುತ್ತಿನ ಮೇಲೇ ಮೂವತ್ತನಾಲ್ಕು ವರ್ಷ ಊಟ ಮಾಡಿದ್ರು. ತಟ್ಟೆ ಎಳೀಲಾ?"

ಕಾರ್ಯದರ್ಶಿ ಪುಸ್ತಕದ ನಕಲನ್ನು ಎದೆಗೊತ್ತಿಕೊಂಡಿದ್ದ. "ನಿಯಮದ ಪ್ರಕಾರ ಈಗಲೂ ರದ್ದು ಮಾಡಬಹುದು ಅಮ್ಮಾ," ಎಂದ ಸಣ್ಣ ದನಿಯಲ್ಲಿ. "ನೀವು ಈ ಮಾತು ಹೇಳಿಲ್ಲ ಅಂತ ಇಟ್ಕೊಳ್ಳೋಣ. ನಾವು ಯಾರೂ ಕೇಳಿಲ್ಲ. ವಾಚು ಪೆಟ್ಟಿಗೇಲಿ ಇರ್ಲಿ. ಬಿರುಗಾಳಿಯವರ ಹೆಸರು ಉಳಿಯುತ್ತೆ."

ದೊಡ್ಡಮ್ಮ ಮಣಿಕಟ್ಟಿನ ಬಿಳಿಯ ಪಟ್ಟೆಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿದರು.

"ರದ್ದು ಮಾಡಿ," ಎಂದರು.

"ಅಮ್ಮಾ!" ಎಂದ ಮಗ.

"ಮಾಡ್ಲಿ ಬಿಡೋ. ನಿಮ್ಮಪ್ಪ ಹೋಗಿ ಒಂಬತ್ತು ವರ್ಷ ಆಯ್ತು, ಅವರಿಗಿನ್ನು ಅವಸರ ಇಲ್ಲ. ನನಗೆ ದಿನಾ ಬೆಳಿಗ್ಗೆ ಮೊಟ್ಟೆ ಬೇಯಬೇಕು, ನಾಲ್ಕೂವರೆ ನಿಮಿಷ. ಅವರ ಹೆಸರಿಗೋಸ್ಕರ ಒಂದು ಸಲ ಸುಳ್ಳು ಹೇಳಿದೀನಿ, ಒಂದೇ ಒಂದು ಸಲ, ಅದೂ ಹಾಳೆ ಮೇಲೆ. ಅದೇ ಸುಳ್ಳಿಗೆ ಈಗ ಗಾಜಿನ ಪೆಟ್ಟಿಗೆ ಮಾಡಿಸಿ, ದೀಪ ಹಾಕಿ, ನನ್ನ ವಾಚನ್ನೂ ಕೊಡು ಅಂದ್ರೆ ಆಗಲ್ಲ."

ಮಗ, ಬಹುಶಃ ಜೀವನದಲ್ಲಿ ಮೊದಲ ಸಲ, ಅರ್ಜಿಯಿಲ್ಲದೆ ನಕ್ಕ. "ಆ ಸ್ಟಾಪ್‌ವಾಚು ಎಲ್ಲಿದೆಯಮ್ಮ?"

ದೊಡ್ಡಮ್ಮ ಚೀಲಕ್ಕೆ ಕೈ ಹಾಕಿದರು. ಮಾತು ಇಲ್ಲಿಗೇ ಬರಬಹುದೆಂದು ಅದನ್ನು ಜೊತೆಗೇ ತಂದಿದ್ದರು. ಕರವಸ್ತ್ರದ ಗಂಟು ಬಿಚ್ಚಿದಾಗ ಹೊರಬಂದದ್ದು ನಿಕಲ್ ಕಿತ್ತುಹೋದ, ಉಂಡೆಯಂಥ ಒಂದು ವಸ್ತು. ಬೆನ್ನ ಮೇಲೆ ಕೆಂಪು ಬಣ್ಣದಲ್ಲಿ ಬರೆದಿತ್ತು: 'ಶಾಲೆಯ ಸ್ವತ್ತು, ಕ್ರೀಡೆ, 7'.

"ವಾಪಸ್ ಕೊಡಲೇ ಇಲ್ವಾ?" ಎಂದಳು ರಿಪೇರಿಯವಳು.

"ಕೊಟ್ಟಿದ್ರೆ ಮೇಷ್ಟ್ರು ಊರೆಲ್ಲ ಹೇಳ್ಕೊಂಡು ಬರ್ತಿದ್ರು, ನನ್ನ ವಾಚಿಂದಲೇ ದಾಖಲೆ ಆಗಿದ್ದು ಅಂತ. ಕಳೆದುಹೋಯ್ತು ಅಂದೆ. ಆ ವರ್ಷ ಅವರ ಸ್ಕೂಲಿನ ಮಕ್ಕಳು ಅಂದಾಜಿನ ಮೇಲೇ ಗೆದ್ರು."

ಒಂದಲ್ಲ, ಎರಡು ಸುಳ್ಳಾಯಿತು. ಯಾರೂ ಎಣಿಸಲಿಲ್ಲ.

ರಿಪೇರಿಯವಳು ಅದನ್ನು ತೆರೆದು, ಒಣಗಿದ ಎಣ್ಣೆ ಒರೆಸಿ, ಹೊಸ ಹನಿ ಹಾಕಿ, ಕೀ ಕೊಟ್ಟು ಪರೀಕ್ಷೆಯ ಯಂತ್ರದ ಮೇಲಿಟ್ಟಳು. ಕೆಲಸಕ್ಕೆ ಎರಡು ಗಂಟೆ ಹಿಡಿಯಿತು. ಯಾರೂ ಎದ್ದು ಹೋಗಲಿಲ್ಲ. ಎರಡು ನಿಮಿಷದ ಓಟವನ್ನು ಐದು ಸಲ ಅಳೆದಾಗ ಒಮ್ಮೆಯೂ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಆಚೀಚೆಯಾಗಲಿಲ್ಲ.

"ಆಗ ಹೇಗಿತ್ತೋ ನಾನು ಹೇಳಲಾರೆ. ಇವತ್ತಂತೂ ಸರಿಯಿದೆ. ಅಳತೆ ಸ್ವಿಸ್ ವಾಚಿಗಿಂತ ಇದರದ್ದೇ ಸೂಕ್ಷ್ಮ," ಎಂದಳು. "ಇಷ್ಟಕ್ಕಾದ್ರೆ ಸಹಿ ಹಾಕ್ತೀನಿ."

ಕಾರ್ಯದರ್ಶಿ ಬಹಳ ಯೋಚಿಸಿದ. ದಾಖಲೆ ರದ್ದಾದರೆ ಅದು ಎರಡನೆಯ ವೇಗದ ಸುತ್ತು ಓಡಿಸಿದವನಿಗೆ ಹೋಗುತ್ತದೆ. ಅವನೋ ಅದೇ ರೇಸಿನ ಕೊನೆಯ ಸುತ್ತಿನಲ್ಲಿ ಕಾರನ್ನು ಸೋಡಾ ಅಂಗಡಿಯೊಳಕ್ಕೆ ನುಗ್ಗಿಸಿದ್ದ. ಫಲಕವನ್ನೋ ಆಗಲೇ ಕಲ್ಲಿನಲ್ಲಿ ಕೆತ್ತಿಸಿಯಾಗಿತ್ತು.

"ಪೆಟ್ಟಿಗೆಯ ಅಳತೆಗೆ ಇದೂ ಹಿಡಿಸುತ್ತೆ," ಎಂದ ಕೊನೆಗೆ. "ರದ್ದು ಬೇಡ. ಸ್ಕೂಲಿನ ಸ್ಟಾಪ್‌ವಾಚಿನಿಂದ ಅಳೆದ ದಾಖಲೆ. ಇದು..."

"ಐತಿಹಾಸಿಕ," ಎಂದರು ಉಳಿದ ಮೂವರು.

ಮೂರು ವಾರದ ನಂತರ ಮ್ಯೂಸಿಯಂ ತೆರೆಯಿತು. ಪೆಟ್ಟಿಗೆಯಲ್ಲಿ ಮಖಮಲ್ಲಿನ ಮೇಲೆ ಏಳನೇ ನಂಬರಿನ ಉಂಡೆ ಕೂತಿತ್ತು. ಕೆಳಗಿನ ಚೀಟಿಯಲ್ಲಿ 'ಪತ್ನಿ' ಎಂದು ಅಚ್ಚಾಗಿದ್ದುದನ್ನು ದೊಡ್ಡಮ್ಮ ಹಿಂದಿನ ದಿನವೇ ಹೊಡೆಸಿ 'ಟೈಮ್‌ಕೀಪರ್' ಎಂದು ಮಾಡಿಸಿದ್ದರು. ಮೇಣದ ಬೊಂಬೆ ಇರಲಿಲ್ಲ.

ಕಾರ್ಯದರ್ಶಿ ಭಾಷಣಕ್ಕೆ ನಿಂತಾಗ ಮೊದಲ ಸಾಲಿನಿಂದ 'ಟಕ್' ಎಂಬ ಸಣ್ಣ ಸದ್ದು ಕೇಳಿತು. ಅವನು ಮುಗಿಸಿ ಕೂತಾಗ ಇನ್ನೊಂದು.

"ಹದಿನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು, ಪಾಯಿಂಟ್ ಎರಡು," ಎಂದು ದೊಡ್ಡಮ್ಮ ಪಕ್ಕದಲ್ಲಿದ್ದ ರಿಪೇರಿಯವಳ ಕಿವಿಯಲ್ಲಿ ಹೇಳಿದರು. "ಮೂರೂ ಇರಬಹುದು. ನನ್ನ ವಾಚಿಗೆ ಕಾಣಲ್ಲ."

ಮತ್ತೆ ಕೆಳಗಿನ ಗುಂಡಿ ಒತ್ತಿದರು. ಮುಂದಿನ ಭಾಷಣಕಾರ ಆಗಲೇ ಎದ್ದು ನಿಂತಿದ್ದ.